ತೌನೊ ಹೇಳಿದ ನಾಲ್ಕು ಸೆಂಟು

ತೌನೊ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ತರದ ಹಿಮನಾಡಿನ ನುರ್ಮೆಸ್ ಪೇಟೆಗೂ ಕೆರೆಯಂಚಿನ ಬೀದಿಗೂ ಬಸ್ಸು ಓಡಿಸಿದ. ಅಷ್ಟು ವರ್ಷದಲ್ಲಿ ಜನ ಕಾದದ್ದು ಅವನ ಬಸ್ಸಿಗೆ, ಅವನ ಮಾತಿಗಲ್ಲ. ಊರಿಗೆಲ್ಲ ಪರಿಚಯದ ಮುಖ, ಆದರೆ ಅವನ ಅಭಿಪ್ರಾಯ ಏನು ಅಂತ ಯಾರೂ ಕೇಳಿದವರಿಲ್ಲ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಇದ್ದಕ್ಕಿದ್ದಂತೆ ಅವನ ಮಾತಿಗೆ ತೂಕ ಬಂತು. ಅದು ಬಂದದ್ದು ಕರೆಂಟಿನಿಂದ.

ಗಂಟೆಗೊಂದು ದರದ ಕರೆಂಟು ಬಂದಾಗ ಬೀದಿಯ ಆರು ಮನೆಯವರೂ, ಒಬ್ಬರನ್ನು ನೋಡಿ ಒಬ್ಬರು, ಅದಕ್ಕೇ ಸೇರಿಕೊಂಡಿದ್ದರು. ಗಾಳಿ ಜೋರಾಗಿ ಬೀಸಿ ಕಡಲತೀರದ ಗಾಳಿಯಂತ್ರಗಳೆಲ್ಲ ತಿರುಗಿದ ದಿನ ಯೂನಿಟ್ಟಿಗೆ ಮೂರೋ ನಾಲ್ಕೋ ಸೆಂಟು. ಗಾಳಿ ನಿಂತು ಚಳಿ ಬಿಗಿದರೆ ಅದೇ ಯೂನಿಟ್ಟು ಎಂಬತ್ತಕ್ಕೂ ಏರುತ್ತಿತ್ತು. ನಾಳೆಯ ಯಾವ ಗಂಟೆಗೆ ಎಷ್ಟು ಎನ್ನುವುದು ಇವತ್ತು ಮಧ್ಯಾಹ್ನ ಎರಡರ ಸುಮಾರಿಗೆ ಹೊರಬೀಳುತ್ತಿತ್ತು. ಬಟ್ಟೆ ಒಗೆಯುವುದು, ನೀರು ಕಾಯಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಹಬೆಸ್ನಾನದ ಕೋಣೆಯಾದ ಸೌನಾದ ಕಲ್ಲೊಲೆ ಹಾಕುವುದು, ಎಲ್ಲಕ್ಕೂ ಅದನ್ನೇ ನೋಡಬೇಕು. ಮನೆ ಬೆಚ್ಚಗಿಡಲು ಮಾತ್ರ ಆರೂ ಮನೆಯಲ್ಲಿ ಸೌದೆ ಒಲೆಯೇ. ಫೋನಿನ ಸಣ್ಣ ಅಂಕಿ ನೋಡಿ ಕಣ್ಣು ನೋಯಿಸಿಕೊಳ್ಳಲು ಉಳಿದವರಿಗೆ ತಾಳ್ಮೆ ಇರಲಿಲ್ಲ. ತೌನೊನ ಹತ್ತಿರ ತಾಳ್ಮೆಯೊಂದೇ ಇದ್ದದ್ದು. ಹಾಗಾಗಿ ಎರಡು ಹೊಡೆಯುತ್ತಲೇ ಅವನ ಮನೆಯ ಫೋನು ಬಡಿದುಕೊಳ್ಳಲು ಶುರುಮಾಡುತ್ತಿತ್ತು.

ಮೊದಲ ಚಳಿಗಾಲದಲ್ಲಿ ಒಂದು ಸಲ ಅವನು ಎಡವಿದ್ದ. ಬರ್ಲಿನ್ ಗಡಿಯಾರಕ್ಕೆ ಹಾಕಿದ ವಿದೇಶದ ಪಟ್ಟಿಯೊಂದನ್ನು ನೋಡಿ ಹೇಳಿದ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎನ್ನುವುದು ತಲೆಗೆ ಹೊಳೆಯಲಿಲ್ಲ. ಇಡೀ ಬೀದಿ ಅಗ್ಗದ ಗಂಟೆಗೆ ಮೊದಲೇ, ದುಬಾರಿ ಗಂಟೆಯಲ್ಲಿ ಕೂತು ಬೆವರಿತು. ಎದುರುಮನೆಯ ಉರ್ಪೊ, ಮರ ಕಡಿಯುವ ಯಂತ್ರ ಓಡಿಸಿ ಬದುಕಿದವನು, ದೊಡ್ಡ ಬಾಯಿಯವನು, ಒಂದು ತಿಂಗಳು ಅವನನ್ನು 'ಬರ್ಲಿನ್ ತೌನೊ' ಅಂತಲೇ ಕರೆದ. ಆಮೇಲೆ ತೌನೊ ಒಂದು ಸೆಂಟೂ ತಪ್ಪು ಹೇಳಿರಲಿಲ್ಲ. ಆ ನಂಬಿಕೆಯೇ ಅವನ ಆಸ್ತಿ. ಪಿಂಚಣಿಗಿಂತ ಹೆಚ್ಚು ಜತನದಿಂದ ಅದನ್ನು ಕಾಪಾಡಿಕೊಂಡಿದ್ದ.

ಇದರಿಂದ ಹಾಳಾದದ್ದೂ ಇತ್ತು, ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ಶನಿವಾರ ಸಂಜೆಗೆ ಅಂಟಿಕೊಂಡಿದ್ದ ಸೌನಾ ಈಗ ಗಾಳಿಯ ಹಿಂದೆ ಅಲೆಯತೊಡಗಿತು. ಒಬ್ಬರ ಮನೆಯಲ್ಲಿ ಮಂಗಳವಾರ ಬೆಳಗ್ಗೆ, ಇನ್ನೊಬ್ಬರ ಮನೆಯಲ್ಲಿ ಭಾನುವಾರ ಮಧ್ಯಾಹ್ನ. ಮೊದಲೆಲ್ಲ ಶನಿವಾರ ಸಂಜೆ ಆರೂ ಮನೆಯ ಸೌನಾ ಕಿಟಕಿಗಳು ಒಟ್ಟಿಗೆ ಬೆಳಗಿ, ಜನ ಮೈಯಿಂದ ಹಬೆ ಬಿಡುತ್ತ ಮೆಟ್ಟಿಲ ಮೇಲೆ ನಿಂತು, ಹಿಮದ ಮೇಲಿಂದ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು. ಅದು ನಿಂತುಹೋದದ್ದನ್ನು ಯಾರೂ ಗಮನಿಸಿದಂತಿರಲಿಲ್ಲ. ಎಲ್ಲರೂ ಉಳಿತಾಯದಲ್ಲಿ ಮುಳುಗಿದ್ದರು.

ಬೀದಿಯ ಕೊನೆಯ ಮನೆ ಓರ್ವೊಕ್ಕಿಯದು. ಎಂಬತ್ತಾರು ವಯಸ್ಸು, ಸೊಂಟದ ಮೂಳೆ ಮುರಿದು ಕೂಡಿದೆ, ನಾಲಿಗೆ ಮಾತ್ರ ನೆಟ್ಟಗಿದೆ. ಆ ಜನವರಿಯಲ್ಲಿ ಪೇಟೆಯ ಆರೈಕೆಮನೆಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತು. ಅಳುಮೋರೆ ಹಾಕಿಕೊಂಡೇನೂ ಹೊರಟವಳಲ್ಲ. ತಂಗಿ ಆಗಲೇ ಅಲ್ಲಿದ್ದಾಳೆ, ಇಸ್ಪೀಟಿಗೆ ಜೊತೆಯಾಯಿತು ಅಂದಳು. ಗುರುವಾರವೇ ಅಣ್ಣನ ಮಗಳು ಕಾರು ತಂದು ಉಳಿದು, ಶುಕ್ರವಾರ ಬೆಳಗ್ಗೆ ಕರೆದೊಯ್ಯುವುದೆಂದು ಗೊತ್ತಾಯಿತು.

ಬುಧವಾರ ಬೆಳಗ್ಗೆ ತೌನೊ ಅವಳ ಮೆಟ್ಟಿಲ ಹಿಮ ಗೋರಲು ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ತೌನೊ, ನಾಳೆ ಸಂಜೆ ಎಷ್ಟಿರುತ್ತೆ ನೋಡಿ ಹೇಳು. ಈ ಮನೇಲಿ ಕೊನೇ ಸಲ ಸೌನಾ ಮಾಡ್ಬೇಕು ಅಂತ."

"ಗಾಳಿ ಇಲ್ವಲ್ಲ ಓರ್ವೊಕ್ಕಿ. ವಾರದಿಂದ ಒಂದು ರೆಂಬೆ ಅಲ್ಲಾಡಿಲ್ಲ."

"ಅದಕ್ಕೇ ಕೇಳ್ತಿರೋದು. ದುಬಾರಿ ಇದ್ರೆ ಬೇಡ, ಬೇಸಿನ್ನಲ್ಲಿ ಮೈ ಒರೆಸ್ಕೊಂಡು ಹೋಗ್ತೀನಿ. ಒಂದು ಸೌನಾಕ್ಕೆ ಒಂದು ಪ್ಯಾಕೆಟ್ ಕಾಫಿಪುಡಿ ದುಡ್ಡು ಸುಡೋಕೆ ನನಗೆ ತಲೆ ಕೆಟ್ಟಿಲ್ಲ."

"ಅಲ್ಲಿ ಆರೈಕೆಮನೇಲಿ ಸೌನಾ ಇದ್ಯಲ್ಲ."

"ಇದೆ. ವಾರಕ್ಕೊಂದ್ಸಲ, ಪಕ್ಕದಲ್ಲಿ ಒಬ್ಬಳು ಹುಡುಗಿ ಗಡಿಯಾರ ನೋಡ್ತಾ ನಿಂತಿರ್ತಾಳಂತೆ." ಓರ್ವೊಕ್ಕಿ ಬಾಗಿಲು ಎಳೆದುಕೊಂಡಳು. "ಎರಡು ಗಂಟೆಗೆ ಫೋನ್ ಮಾಡ್ತೀನಿ."

ಆ ಸೌನಾವನ್ನು ಅವಳ ಗಂಡ ಸ್ವಂತ ಕೈಯಲ್ಲಿ ಕಟ್ಟಿದ್ದು. ಸೌನಾಕ್ಕೂ ಸೌದೆ ಹೊರುವುದು ಕಷ್ಟವಾದ ಮೇಲೆ ಕರೆಂಟಿನ ಕಲ್ಲೊಲೆ ಕೂರಿಸಿದ್ದೂ ಅವನೇ; ಆಗ ಕರೆಂಟು ನೀರಿನಷ್ಟು ಅಗ್ಗ. ಅದರೊಳಗೆ ಕೂರುವ ಎತ್ತರದ ಹಲಗೆಯ ಮೇಲೆ ಅವಳು ಮದುವಣಗಿತ್ತಿಯಾಗಿ ಕೂತವಳು, ವಿಧವೆಯಾಗಿ ಕೂತವಳು. ಬೇಸಿನ್ನಲ್ಲಿ ಮೈ ಒರೆಸಿಕೊಂಡು ಹೋಗುತ್ತೇನೆ ಎಂದದ್ದು ಹಿಮ ಗೋರುವಷ್ಟು ಹೊತ್ತೂ ತೌನೊನ ತಲೆಯಿಂದ ಹೋಗಲಿಲ್ಲ.

ಎರಡು ಗಂಟೆಗೆ ಅಂಕಿಗಳು ಬಂದವು. ಗುರುವಾರ ಸಂಜೆ ಆರಕ್ಕೆ ತೊಂಬತ್ತೊಂದು ಸೆಂಟು. ಆ ಚಳಿಗಾಲದಲ್ಲೇ ಅಷ್ಟು ಏರಿದ್ದಿಲ್ಲ. ಅವನು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ಫೋನು ಬಡಿದುಕೊಂಡಿತು.

"ಎಷ್ಟು?" ಎಂದಳು ಓರ್ವೊಕ್ಕಿ.

"ನಾಲ್ಕು," ಎಂದ ತೌನೊ.

"ನಾಲ್ಕಾ?"

"ನಾಲ್ಕು. ಆರು ಗಂಟೆಗೆ ಹಾಕು, ಏಳಕ್ಕೆ ಕೂತ್ಕೊ."

"ಸರಿ ಹಾಗಾದ್ರೆ," ಎಂದು ಅವಳು ಫೋನಿಟ್ಟಳು. ತೌನೊ ಕನ್ನಡಕ ತೆಗೆದಿಟ್ಟ. ಬಸ್ಸಿನ ಟಿಕೆಟ್ಟಿನಲ್ಲಿ ಕೂಡ ಒಂದು ಕಾಸು ಆಚೀಚೆ ಮಾಡದ ಮನುಷ್ಯ ಅವನು. ಆದರೆ ಒಂದು ಮನೆ, ಒಂದು ಸಂಜೆ, ಬಿಲ್ಲು ಬಂದಾಗ ಅವಳ ಅಣ್ಣನ ಮಗಳೇ ಕಟ್ಟಿ ಮುಗಿಸುತ್ತಾಳೆ, ಯಾರಿಗೂ ತಿಳಿಯುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ವಿಚಿತ್ರವೆಂದರೆ ಆ ದಿನ ಬೇರೆ ಯಾರ ಫೋನೂ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡ, ಪಾಪ.

ಯಾಕೆ ಬರಲಿಲ್ಲ ಎನ್ನುವುದು ಗುರುವಾರ ಅಂಗಡಿಯ ಕಾಫಿ ಮೇಜಿನ ಹತ್ತಿರ ತಿಳಿಯಿತು. ಉರ್ಪೊ ಸಾಸೇಜಿನ ದೊಡ್ಡ ಕಟ್ಟು ಹಿಡಿದು ಎದುರಾದ.

"ಏನಯ್ಯಾ, ಇಷ್ಟು ಒಳ್ಳೇ ಸುದ್ದಿ ಬಚ್ಚಿಟ್ಕೊಂಡು ಕೂತಿದ್ಯಾ? ಓರ್ವೊಕ್ಕಿ ಫೋನ್ ಮಾಡಿ ಹೇಳ್ಬೇಕಾಯ್ತು. ನಾಲ್ಕು ಸೆಂಟಂತೆ."

"ನಿನಗೂ ಹೇಳಿದ್ಳಾ?"

"ನನಗೊಬ್ಬನಿಗಾ? ಇಡೀ ಬೀದಿಗೆ ಹೇಳಿದಾಳೆ. ಎಂಟು ದಿನದಿಂದ ಯಾರೂ ನೆಟ್ಟಗೆ ಮೈ ತೊಳ್ಕೊಂಡಿಲ್ಲ ಮಾರಾಯ. ನಾನು ಅಳಿಯಂದಿರನ್ನೂ ಕರ್ದಿದೀನಿ."

ತೌನೊ ಬಾಯಿ ತೆರೆದ. ಈಗ ಹೇಳಿದರೆ ತನ್ನ ಹೆಸರು ಉಳಿಯುತ್ತದೆ. ಆದರೆ ಮಧ್ಯಾಹ್ನ ಓರ್ವೊಕ್ಕಿಯ ಪೆಟ್ಟಿಗೆಗಳನ್ನು ಕೆಳಗಿಳಿಸಲು ಹೋಗುವವನು ಇದೇ ಉರ್ಪೊ. ಅವನ ಬಾಯಲ್ಲಿ ಮಾತು ನಿಂತ ದಿನ ಇಲ್ಲ. ಇವನಿಗೆ ಹೇಳಿದರೆ ಅವಳಿಗೆ ಹೇಳಿದಂತೆಯೇ. ಅವಳಿಗೆ ತಿಳಿದರೆ ಬೇಸಿನ್ನೇ ಗತಿ.

"ಸಾಸೇಜು ಚೆನ್ನಾಗಿದೆ," ಎಂದು ಹೇಳಿ ತೌನೊ ಹೊರಗೆ ಬಂದ.

ಮನೆಗೆ ಬಂದು ಹೆಂಡತಿ ಹಿಲ್ಕಾಳಿಗೆ ಎಲ್ಲವನ್ನೂ ಒದರಿದ. ಹಿಲ್ಕಾ ರೈ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಮದುವೆ ಆದಾಗಿಂದ ನನ್ನ ಕೂದಲು ಚೆನ್ನಾಗಿದೆ ಅಂತ ಒಂದು ಸುಳ್ಳು ಹೇಳೋಕೂ ಬಾರದವನು," ಎಂದಳು, "ಈಗ ಕಲ್ತೆಯಲ್ಲ."

"ನಗ್ಬೇಡ. ನಾಳೆ ನನ್ನ ಮುಖಕ್ಕೆ ಉಗೀತಾರೆ."

"ಉಗೀಲಿ. ನಮ್ಮದೂ ಹಾಕು."

"ತೊಂಬತ್ತೊಂದು ಸೆಂಟು, ಹಿಲ್ಕಾ."

"ನಾಲ್ಕು ಸೆಂಟಿಗೆ ತೌನೊ ಮನೆ ಸೌನಾ ಕತ್ತಲಾಗಿದ್ರೆ ಓರ್ವೊಕ್ಕಿಗೆ ಗೊತ್ತಾಗಲ್ವ? ಅವಳ ಅಡುಗೆಮನೆ ಕಿಟಕಿ ಇರೋದೇ ನಮ್ಮ ಕಡೆಗೆ."

ಆರು ಗಂಟೆಗೆ ತೌನೊ ಗೊಣಗುತ್ತಲೇ ಸ್ವಿಚ್ಚು ತಿರುಗಿಸಿದ. ಆದರೆ ಮೇಲಿನ ಹಲಗೆ ಹತ್ತಿ ಕೂತು, ಮರದ ಸೌಟಿನಿಂದ ಕಲ್ಲಿನ ಮೇಲೆ ನೀರು ಎರಚಿ, ಹಬೆ ಬೆನ್ನಿಗೆ ಅಪ್ಪಳಿಸಿದಾಗ ಇನ್ನೊಂದು ಸೌಟು ಹಾಕಿದ. ಮತ್ತೊಂದು ಹಾಕಿದ. ದರ ಲೆಕ್ಕ ಹಾಕದೆ ಸೌನಾದಲ್ಲಿ ಕೂತು ಎಷ್ಟು ಕಾಲವಾಗಿತ್ತೋ, ಅವನಿಗೇ ನೆನಪಿರಲಿಲ್ಲ. ಹಾಳಾದ ಕರೆಂಟು, ಅದು ಕೊಡುವ ಸುಖ ಮಾತ್ರ ನಾಲ್ಕಕ್ಕೂ ಅದೇ, ತೊಂಬತ್ತೊಂದಕ್ಕೂ ಅದೇ.

ಸೊಂಟಕ್ಕೆ ಟವೆಲು ಸುತ್ತಿಕೊಂಡು ಅವನು ಮೆಟ್ಟಿಲಿಗೆ ಬಂದಾಗ ಬೀದಿಯ ಆರೂ ಸೌನಾ ಕಿಟಕಿಗಳು ಹಳದಿಯಾಗಿ ಬೆಳಗುತ್ತಿದ್ದವು. ಉರ್ಪೊನ ಅಂಗಳದಲ್ಲಿ ಇಬ್ಬರು ದಪ್ಪ ಅಳಿಯಂದಿರು ಹಿಮದಲ್ಲಿ ಹೊರಳಾಡಿ ಬೊಬ್ಬೆ ಹಾಕುತ್ತಿದ್ದರು. ಯಾರೋ ಯಾರಿಗೋ ಸಾಸೇಜು ಬೆಂದಿದೆ ಎಂದು ಕೂಗಿದರು. ಬೀದಿಯ ಕೊನೆಯಲ್ಲಿ ಓರ್ವೊಕ್ಕಿ, ಕಂಬಳಿ ಹೊದ್ದು, ಅಣ್ಣನ ಮಗಳ ತೋಳು ಹಿಡಿದು, ಮೈಯಿಂದ ಹಬೆ ಏಳಿಸುತ್ತ ನಿಂತಿದ್ದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಿಟಕಿಗಳನ್ನೇ ನೋಡುತ್ತಿದ್ದಳು. ಅದನ್ನು ನೋಡಿ ತೌನೊನ ಕಣ್ಣು ತುಂಬಿತು. ಕಣ್ಣಿಗೆ ಹಬೆ ಹೋಗಿದೆ ಎಂದು ಹಿಲ್ಕಾಳಿಗೆ ಹೇಳಿದ, ಅವಳು ನಂಬಿದಂತೆ ಮಾಡಿದಳು.

ಶುಕ್ರವಾರ ಬೆಳಗ್ಗೆ ರೇಡಿಯೋದಲ್ಲಿ ಬಂತು, ನಿನ್ನೆ ಸಂಜೆಯ ಕರೆಂಟು ಈ ಚಳಿಗಾಲದಲ್ಲೇ ಅತಿ ದುಬಾರಿ ಎಂದು. ಓರ್ವೊಕ್ಕಿಯನ್ನು ಕಳಿಸಿಕೊಡಲು ಬೀದಿಯವರೆಲ್ಲ ಅವಳ ಅಂಗಳದಲ್ಲಿ ಸೇರಿದ್ದಾಗ ಉರ್ಪೊ ಕೆಂಡವಾಗಿ ಬಂದ. ಅವಳಾಗಲೇ ಕಾರಿನಲ್ಲಿ ಕೂತಿದ್ದಳು, ಗಾಜು ಇಳಿದಿತ್ತು.

"ತೌನೊ! ತೊಂಬತ್ತೊಂದು! ಕಣ್ಣು ಎಲ್ಲಿಟ್ಟಿದ್ದೆ?"

ತೌನೊ ತಲೆ ತಗ್ಗಿಸಿದ. ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿದ್ದ ಉತ್ತರ ಅದೊಂದೇ. "ವಿದೇಶದ ಪಟ್ಟಿ ನೋಡ್ಬಿಟ್ಟೆ. ಮತ್ತೆ ಗಂಟೆ ತಪ್ತು."

"ಗಂಟೆ ತಪ್ಪಿದ್ರೆ? ಆ ಕಡೆ ಗಂಟೆ ಎಂಬತ್ತು, ಈ ಕಡೆ ಗಂಟೆ ಎಂಬತ್ತೈದು. ನಾಲ್ಕು ಎಲ್ಲಿಂದ ಬಂತು? ಇನ್ನು ನಿನ್ನನ್ನ ಕೇಳೋನು ಮೂರ್ಖ."

ಯಾರೂ ತೌನೊನ ಪರವಾಗಿ ಮಾತಾಡಲಿಲ್ಲ. ಕಾರಿನ ಕಡೆ ನೋಡಲು ಅವನಿಗೆ ಧೈರ್ಯವಿರಲಿಲ್ಲ.

"ಉರ್ಪೊ," ಎಂದಳು ಕಾರಿನೊಳಗಿಂದ ಓರ್ವೊಕ್ಕಿ, "ನಿನ್ನೆ ನಿನ್ನ ಮನೆ ಒಲೆ ಹೊಗೆ ಎತ್ತ ಹೋಗ್ತಿತ್ತು?"

"ಎತ್ತ ಅಂದ್ರೆ? ನೆಟ್ಟಗೆ ಮೇಲಕ್ಕೆ."

"ಅಂದ್ರೆ ಗಾಳಿ?"

"ಇರ್ಲಿಲ್ಲ."

"ಗಾಳಿ ಇಲ್ಲದ ದಿನ ನಿನಗೆ ಯಾವತ್ತು ನಾಲ್ಕು ಸೆಂಟಿಗೆ ಸಿಕ್ಕಿದೆ?"

ತೌನೊ ತಲೆ ಎತ್ತಿದ.

"ನಿನಗೆ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದ.

"ನೀನು ನಾಲ್ಕು ಅಂದಾಗ ನಾನು ಕಿಟಕಿ ಹತ್ತಿರಾನೇ ನಿಂತಿದ್ದೆ ಕಣೋ. ಅವತ್ತೂ ಹೊಗೆ ನೆಟ್ಟಗೆ ಮೇಲಕ್ಕೇ ಹೋಗ್ತಿತ್ತು." ಓರ್ವೊಕ್ಕಿ ಕೈಗವಸು ಎಳೆದುಕೊಂಡಳು. "ನನಗೊಬ್ಬಳಿಗೆ ಅಂತ ನೀನು ಸುಳ್ಳು ಹೇಳಿದೆ. ನಾನೊಬ್ಬಳೇ ಕೂತು ಬೆವರಿ ಏನು ಮಾಡ್ಲಿ? ಎಲ್ಲ ಕಿಟಕೀನೂ ಒಂದ್ಸಲ ಒಟ್ಟಿಗೆ ಉರಿಯೋದು ನೋಡ್ಬೇಕಿತ್ತು. ಅದಕ್ಕೇ ಎಲ್ಲರಿಗೂ ಫೋನ್ ಮಾಡ್ದೆ."

"ಹಾಗಾದ್ರೆ ನೀನೂ ಸೇರ್ಕೊಂಡು ನಮಗೆ ಟೋಪಿ ಹಾಕ್ದೆ," ಎಂದ ಉರ್ಪೊ. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

"ಹಾಕ್ದೆ. ಸೌನಾ ಚೆನ್ನಾಗಿತ್ತೋ ಇಲ್ವೋ?"

ಉರ್ಪೊ ಹಿಮ ಒದ್ದ. "ಚೆನ್ನಾಗಿತ್ತು," ಎಂದ.

ಗಾಜು ಏರಿತು, ಕಾರು ಹೊರಟಿತು.

ಮಾರನೆಯ ದಿನ ಎರಡು ಹೊಡೆದರೂ ಫೋನು ಸುಮ್ಮನಿತ್ತು. ತೌನೊ ಅದನ್ನೇ ನೋಡುತ್ತ ಕೂತಿದ್ದ. ಎರಡೂವರೆಗೆ ಬಡಿದುಕೊಂಡಿತು. ಉರ್ಪೊ.

"ನಾಳೆ ಎಷ್ಟು?"

"ಬೆಳಗ್ಗೆ ಹತ್ತಕ್ಕೆ ಆರು ಸೆಂಟು. ಗಾಳಿ ಎದ್ದಿದೆ."

"ಫೋನ್ ಇಡ್ಬೇಡ. ನಾನು ಹೊರಗೆ ಹೋಗಿ ಹೊಗೆ ನೋಡ್ಕೊಂಡು ಬರ್ತೀನಿ."

ಬಾಗಿಲು ತೆರೆದ ಸದ್ದು, ಬೂಟಿನ ಸದ್ದು. ತೌನೊ ಕಾದ. ಉರ್ಪೊ ಮರಳಿ ಬರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ನೋಡಿದ್ಯಾ?" ಎಂದ ತೌನೊ.

"ನೋಡ್ದೆ. ಎಲ್ಲರ ಮನೆ ಹೊಗೆಯೂ ಕೆರೆ ಕಡೆಗೆ ಬಾಗಿದೆ." ಉರ್ಪೊ ಮೂಗೆಳೆದ. "ಅವಳ ಮನೇಲಿ ಹೊಗೆ ಇಲ್ಲ."

"ಹೂಂ," ಎಂದ ತೌನೊ.

ಇಬ್ಬರೂ ಬಹಳ ಹೊತ್ತು ಫೋನು ಇಡಲಿಲ್ಲ.