ಕರಿಯ ಹೊದ್ದ ಹೊಸ ಟವಲ್ಲು

ನಮ್ಮ ಮನೆಯ ಟೀವಿ ಸ್ಟ್ಯಾಂಡಿನ ಕೆಳಗೆ ಒಂದು ಚಿತ್ರಪುಸ್ತಕವಿದೆ; ಅದರ ಮುಖಪುಟದಲ್ಲಿ ಒಂದು ನಾಯಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಚನ್ನರಾಯಪಟ್ಟಣದ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಪಕ್ಕದ ಅಂಗಡಿಯಲ್ಲಿ ಕಣ್ಣಾಡಿಸುವಾಗ ಸಿಕ್ಕಿದ್ದು. ಒಳಪುಟಗಳಲ್ಲಿ ಅದು ಪ್ಯಾಂಟು ಹಾಕಿ ಆಫೀಸಿಗೆ ಹೋಗುತ್ತದೆ, ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತದೆ, ನೆಗಡಿಯಾದರೆ ಕಷಾಯ ಕುಡಿದು ಮುಖ ಸಿಂಡರಿಸುತ್ತದೆ, ಕೊರಳಿಗೊಂದು ಟವಲ್ಲು ಸುತ್ತಿಕೊಂಡು ಠೀವಿಯಿಂದ ಊಟಕ್ಕೆ ಕೂರುತ್ತದೆ. ನನ್ನ ಐದು ವರ್ಷದ ಮಗಳು ಇಂಚರ ಬಿದ್ದು ಬಿದ್ದು ನಗುತ್ತಾಳೆ, ನಾನೂ ನಗುತ್ತಿದ್ದೆ. ಆದರೆ ನೋಡಿ, ಬದನೆಕಾಯಿಗೆ ಚೌಕಾಸಿ ಮಾಡುವವಳು ನಾನು, ಕಷಾಯಕ್ಕೆ ಮುಖ ಸಿಂಡರಿಸುವವಳೂ ನಾನೇ. ನಾಯಿ ನನ್ನ ಹಾಗೆ ಬದುಕಿದರೆ ಅದರಲ್ಲಿ ನಗುವಂಥದ್ದೇನಿದೆ? ಯಾರಾದರೂ ಬಲ್ಲವರು ಹೇಳಿಯಾರೆಂದು ಕಾಯುತ್ತಿದ್ದೇನೆ.

ನಮ್ಮ ಮನೆಯಲ್ಲೂ ಒಂದು ನಾಯಿಯಿದೆ, ಕರಿಯ. ಅದಕ್ಕೆ ಪ್ಯಾಂಟಿಲ್ಲ, ಕನ್ನಡಕವಿಲ್ಲ, ಹೊಸಿಲು ದಾಟುವ ಹಕ್ಕಂತೂ ಇಲ್ಲವೇ ಇಲ್ಲ. "ನಾಯಿನ ನಾಯಿ ಇದ್ದಂಗೆ ಇಕ್ಕಬೇಕು ಕಣವ್ವ" ಎನ್ನುವುದು ನಮ್ಮತ್ತೆಯ ಕಾನೂನು. ಮಾವ ಮಾತ್ರ ತಾವು ಉಣ್ಣುವ ಮುದ್ದೆಯಲ್ಲೇ ಒಂದು ಚೂರು ಮುರಿದು, ಅತ್ತೆ ಸಾರಿಗೆಂದು ಒಳಗೆ ತಿರುಗಿದಾಗ, ಜಗಲಿಗೆ ಎಸೆದುಬಿಡುತ್ತಿದ್ದರು.

ಆ ಮಾವ ಈಗಿಲ್ಲ. ಆಷಾಢದ ಒಂದು ಬೆಳಗ್ಗೆ ಎರಡು ತುತ್ತು ನುಂಗಿದ್ದರೋ ಇಲ್ಲವೋ, ಬಾಗೂರಿನ ಕಡೆಯ ನಮ್ಮ ಜಮೀನಿನಲ್ಲಿ ಮೋಟಾರು ಕೆಟ್ಟಿದೆಯೆಂದು ಫೋನ್ ಬಂತು. "ಉಂಡ್ಬುಟ್ಟು ಓಗಿ" ಎಂದರು ಅತ್ತೆ. "ಬಂದು ಉಣ್ತೀನಿ, ಮುಚ್ಚಿಕ್ಕು" ಎಂದು ತಟ್ಟೆ ಬಿಟ್ಟು ಎದ್ದವರು ಬದುವಿನ ಮೇಲೆ ಎದೆ ಹಿಡಿದು ಕುಸಿದರಂತೆ. ಮುಚ್ಚಿಟ್ಟ ತಟ್ಟೆ ಮುಚ್ಚಿದಂತೆಯೇ ಉಳಿಯಿತು. "ಅರೆಹೊಟ್ಟೇಲಿ ಓದ್ರು ಕಣವ್ವ" ಎನ್ನುವುದೊಂದೇ ಅತ್ತೆಯ ಜಪ. ಅಂದಿನಿಂದ ಅವರ ತಟ್ಟೆಯಲ್ಲೂ ಅರ್ಧ ಮುದ್ದೆ ಹಾಗೆಯೇ ಉಳಿಯುತ್ತಿತ್ತು. ಗದರಿದೆ, ಬೇಡಿಕೊಂಡೆ, ಮಗುವಿನ ಕೈಲಿ ಹೇಳಿಸಿದೆ. ಊಹೂಂ! ಮೈ ಕಡ್ಡಿಯಾಗುತ್ತಾ ಬಂತು. ನನಗೆ ನಿಜವಾಗಿ ಹೆದರಿಕೆಯಾಗತೊಡಗಿತು.

ಹೀಗಿರುವಾಗ ಪಿತೃಪಕ್ಷ ಬಂತು. ನಮ್ಮಲ್ಲಿ ಹೋದವರಿಗೆ ಎಡೆ ಇಡುವ ಕ್ರಮ ನಿಮಗೆ ಗೊತ್ತಿರಬಹುದು: ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಅವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಮನೆಮಂದಿಯೆಲ್ಲ ಹೊರಗೆ ಬಂದುಬಿಡುವುದು. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋಗಿ, ಅನ್ನದ ಮೇಲೆ ಬೆರಳಿನ ಗುರುತೇನಾದರೂ ಮೂಡಿದೆಯೋ ಎಂದು ನೋಡುವುದು. ಮಾವನಿಗೆ ಮುದ್ದೆ, ಕೋಳಿಸಾರು, ವಡೆ, ಒಬ್ಬಟ್ಟು; ಪಕ್ಕದಲ್ಲಿ ಪಂಚೆ, ಕೆಂಪಂಚಿನ ಟವಲ್ಲು, ಒಂದು ಕಟ್ಟು ಬೀಡಿ. ಬೆಳಗಿನಿಂದ ನೀರೂ ಮುಟ್ಟದ ಅತ್ತೆ ಜಗಲಿಯ ಮೇಲೆ ಕೈಮುಗಿದು ಕುಳಿತಿದ್ದರು.

ಇಂಚರ ಕಾಣಲಿಲ್ಲವೆಂದು ನಾನು ಹಿತ್ತಲಿಗೆ ಹೋದರೆ, ಅಯ್ಯೋ ಶಿವನೇ, ಹಿತ್ತಲ ಬಾಗಿಲಿನಿಂದ ಕರಿಯ ಇಳಿದು ಬರುತ್ತಿದೆ! ಕೊರಳಲ್ಲಿ ಮಾವನ ಕೆಂಪಂಚಿನ ಟವಲ್ಲು, ಮೀಸೆಗೆಲ್ಲ ಕೋಳಿಸಾರು. ಹಿಂದೆಯೇ ನನ್ನ ಮಗಳು, ಸಂಭ್ರಮದಿಂದ: "ಅಮ್ಮಾ, ಕರಿಯ ಒಂಚೂರೂ ಚೆಲ್ಲಲಿಲ್ಲ! ಪುಸ್ತಕದ ನಾಯಿಗಿಂತ ಜಾಣ!"

ನಾನು ಟವಲ್ಲು ಕಿತ್ತುಕೊಳ್ಳುವುದಕ್ಕೂ ಮುಂಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಒಳಗಿನಿಂದ ಅತ್ತೆಯ ಕೂಗು: "ಉಂಡವ್ರೆ ಕಣ್ರೋ! ಎಲೆ ಬಳಿದು ಉಂಡವ್ರೆ! ಟವಲ್ಲೂ ಒದ್ಕಂಡು ಓಗವ್ರೆ!" ಹಿತ್ತಲ ಬಾಗಿಲಿನಿಂದ ಇಣುಕಿದರೆ, ಅವರು ಅಳುತ್ತಿದ್ದರು, ನಗುತ್ತಿದ್ದರು, ನನ್ನ ಗಂಡನ ತಲೆ ಸವರುತ್ತಿದ್ದರು. ಹಿತ್ತಲಲ್ಲಿ ನಾನು ಆ ಟವಲ್ಲನ್ನು ಸೌದೆಯ ಸಂದಿಗೆ ತುರುಕಿ, ಮಗಳ ಬಾಯಿಗೊಂದು ಒಬ್ಬಟ್ಟು ಇಟ್ಟು ಸುಮ್ಮನಾಗಿಸಿದೆ.

ಹೇಳಬೇಕೋ, ಬೇಡವೋ? ಹೇಳಿದರೆ ಮಾವ ಮತ್ತೆ ಅರೆಹೊಟ್ಟೆಯಲ್ಲೇ ಉಳಿಯುತ್ತಾರೆ. ಹೇಳದಿದ್ದರೆ ನಾಯಿ ಮುಟ್ಟಿದ ಎಡೆಯನ್ನು ಹಿರಿಯರು ಉಂಡರೆಂದು ನಂಬಿಸಿದ ಪಾಪ ನನಗೆ. ಕಾಗೆ ಮುಟ್ಟಿದರೆ ಹಿರಿಯರೇ ಬಂದರೆನ್ನುವ ನಾವು, ಅವರು ನಾಯಿಯಾಗಿ ಬರಲಾರರೆಂದು ಯಾರನ್ನು ಕೇಳಿ ತೀರ್ಮಾನಿಸಿದೆವು? ಜೊತೆಗೆ, ಮಾವನ ತಟ್ಟೆಯಲ್ಲಿ ದಿನಾ ಪಾಲು ಪಡೆಯುತ್ತಿದ್ದುದು ಇದೊಂದೇ ಅಲ್ಲವೇ? ಯೋಚಿಸಿದಷ್ಟೂ ತಲೆ ಕೆಟ್ಟು ಮೊಸರಾಯಿತು.

ಮರುದಿನ ಬೆಳಗ್ಗೆ ಸೌದೆ ತರಲು ಹೋದ ಅತ್ತೆ ಎಷ್ಟು ಹೊತ್ತಾದರೂ ಬರಲಿಲ್ಲ. ಟವಲ್ಲು ಇದ್ದದ್ದು ಅಲ್ಲೇ! ಹೋಗಿ ನೋಡಿದರೆ, ಒಗೆದು ಹಿಂಡಿದ ಟವಲ್ಲನ್ನು ತಂತಿಯ ಮೇಲೆ ಹರವಿ, ಅಂಚು ಎಳೆದು ಎಳೆದು ಸರಿಮಾಡುತ್ತಿದ್ದರು. ನನ್ನತ್ತ ಒಮ್ಮೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, "ಸಾರು ಬಿಸಿಗಿಕ್ಕವ್ವ" ಎಂದಷ್ಟೇ ಅಂದರು.

ಊಟದ ಹೊತ್ತಿಗೆ ಇಂಚರ ಆ ಪುಸ್ತಕ ಹರವಿಕೊಂಡು ಕುಳಿತಿದ್ದಳು, ಟವಲ್ಲು ಸುತ್ತಿಕೊಂಡ ನಾಯಿಯ ಪುಟ. ಅತ್ತೆ ಬಗ್ಗಿ ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, "ಬಾರ್ಲಾ ಒಳೀಕೆ" ಎಂದರು. ಕರಿಯ ನಂಬಲಾರದೆ ಹೊಸಿಲಿನ ಮೇಲೆ ಒಂದು ಕಾಲಿಟ್ಟು ನಿಂತಿತು. ಅತ್ತೆ ಅದರ ಮುಂದೆ ಮುದ್ದೆಯಿಟ್ಟು, ಸಾರು ಹಾಕಿ, ಮಾವನಿಗೆ ಬಡಿಸಿ ಕೂರುತ್ತಿದ್ದ ಹಾಗೆಯೇ ತಲೆಯ ಮೇಲೆ ಸೆರಗೆಳೆದುಕೊಂಡು ಪಕ್ಕದಲ್ಲಿ ಕುಳಿತರು. ಅದು ಉಣ್ಣುವ ತನಕ ತಮ್ಮ ತಟ್ಟೆ ಮುಟ್ಟಲಿಲ್ಲ. ಆಮೇಲೆ ತಮ್ಮ ಮುದ್ದೆಯನ್ನು ಪೂರ್ತಿ ಉಂಡರು.

ಅತ್ತೆಗೆ ತಿಳಿದದ್ದೇನು, ತಿಳಿಯದ್ದೇನು, ನನ್ನನ್ನು ಕೇಳಬೇಡಿ. ಪುಸ್ತಕದ ಆ ಪುಟ ಬಂದಾಗ ಇಂಚರ ಈಗಲೂ ನಗುತ್ತಾಳೆ. ನನಗೆ ಮಾತ್ರ, ಅಂದು ಊಟದ ನಡುವೆ, ಬೀದಿಯಲ್ಲಿ ಯಾರದೋ ಸದ್ದಾಗಿ ಕರಿಯ ಮುದ್ದೆ ಬಿಟ್ಟು ಎದ್ದುನಿಂತಾಗ, ಅದರ ಬೆನ್ನ ಮೇಲೆ ಕೈಯಿಟ್ಟು ಅತ್ತೆ ಹೇಳಿದ್ದು ಕೇಳಿಸುತ್ತದೆ: "ಎದ್ದೋಗ್ಬ್ಯಾಡ. ಪೂರ್ತಿ ಉಂಡ್ಕಂಡು ಓಗು."