ಹಗ್ಗದಲ್ಲಿ ಬಿಟ್ಟ ಜಾಗ

ಬಾಲವಾಡಿಯಲ್ಲಿ ಕಲಿಸುವ ಅಕ್ಕೋರ ಸೀರೆಗೆ ಮೊಣಕಾಲಿನ ಎತ್ತರದಲ್ಲಿ ಸುತ್ತಲೂ ಒಂದು ಕೊಳೆ ಪಟ್ಟೆ ಇರುತ್ತಿತ್ತು. ಮಕ್ಕಳು ಅಳುತ್ತ ಬಂದು ಮುಖ, ಮೂಗು, ಮಣ್ಣಿನ ಕೈ ಎಲ್ಲ ಅಲ್ಲೇ ಒರೆಸುತ್ತಿದ್ದವು. ಅವರು ಒಮ್ಮೆಯೂ ಸೀರೆ ಹಿಂದೆ ಎಳೆದುಕೊಂಡದ್ದು ನಾನು ನೋಡಿಲ್ಲ. ಕುಳ್ಳು, ಕಪ್ಪು, ಹಲ್ಲು ಸ್ವಲ್ಪ ಮುಂದೆ. ಚೆಂದದ ಹೆಂಗಸು ಎಂದರೆ ಸುಳ್ಳಾದೀತು.

ನಮ್ಮೂರು ಅವರ್ಸಾ. ನಾನು ಮೀನು ಮಾರುವವಳು, ಓದಿದ್ದು ಎರಡನೇ ಇಯತ್ತೆ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕಾರವಾರದ ಬಸ್ಸು ಹತ್ತಿದರೆ ಐದು ವರ್ಷದ ಮೊಮ್ಮಗಳು ನನ್ನ ಪಾಲಿಗೆ. ಟಿವಿಯಲ್ಲಿ ಸುನಾಮಿ ತೋರಿಸಿದ ವರ್ಷ ಅವಳು ಬಾಲವಾಡಿಯಲ್ಲಿದ್ದಳು.

ಹುಡುಗಿಯ ಬಾಯಿ ಜೋರು. "ನೀ ಅಲ್ಲಿ ನಿಲ್ಲು", "ನೀ ಬರಬೇಡ", "ನಾ ಹೇಳ್ದಂಗೆ ಮಾಡು". ನನಗೆ ಹೆಮ್ಮೆ. ಪೇಟೆಯಲ್ಲಿ ಬಾಯಿಲ್ಲದೆ ಕೂತರೆ ಬುಟ್ಟಿ ಖಾಲಿಯಾಗುವುದಿಲ್ಲ, ಇವಳು ನನ್ನ ಹಾಗೇ ಬದುಕಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆದರೆ ಕೇರಿಯ ಮಕ್ಕಳು ಒಂದೊಂದಾಗಿ ಅವಳನ್ನು ಬಿಟ್ಟವು. ಸಂಜೆ ಅಂಗಳದಲ್ಲಿ ಒಬ್ಬಳೇ ಕೂತು ತೆಂಗಿನ ಗರಟೆಗಳಿಗೆ "ನೀ ಅಲ್ಲಿ ನಿಲ್ಲು" ಅನ್ನುತ್ತಿದ್ದಳು. ಅದನ್ನು ಕಂಡೂ ನನಗೆ ತಿಳಿಯಲಿಲ್ಲ. ಬೇರೆ ಮಕ್ಕಳದ್ದೇ ತಪ್ಪು ಎಂದೆ.

ಬಾಲವಾಡಿಯ ಹಿಂದೆ ಮಕ್ಕಳು ಹಳೆ ಬಲೆಯ ಹಗ್ಗ ಹಿಡಿದು ರಂಪಣಿ ಆಡುತ್ತಿದ್ದವು. ರಂಪಣಿ ಎಂದರೆ ಸಮುದ್ರಕ್ಕೆ ಬಿಟ್ಟ ದೊಡ್ಡ ಬಲೆಯನ್ನು ದಂಡೆಯ ಮೇಲೆ ನಿಂತು ಊರೆಲ್ಲ ಸೇರಿ ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದ ಎಲ್ಲರಿಗೂ ಮೀನಿನ ಪಾಲು. ಮುಂದೆ ನಿಂತು ಹೇಳುವವನು ತಾಂಡೇಲ. ಮೊಮ್ಮಗಳಿಗೆ ದಿನವೂ ತಾನೇ ತಾಂಡೇಲ ಆಗಬೇಕು.

ಒಂದು ಮಧ್ಯಾಹ್ನ ಖಾಲಿ ಬುಟ್ಟಿ ಹೊತ್ತು ಅವಳನ್ನು ಕರೆಯಲು ಹೋದೆ. ಮಾತು ತೊದಲುವ ಒಂದು ಸಣ್ಣ ಹುಡುಗಿ ತಾಂಡೇಲ ಆಗಿ ನಿಂತಿತ್ತು. ನಮ್ಮವಳು ಗೋಡೆ ಪಕ್ಕ ಕೂತು ಬಿಕ್ಕುತ್ತಿದ್ದಳು. ನನ್ನ ತಲೆ ಕೆಟ್ಟಿತು.

"ನಮ್ಮ ಹುಡುಗೀನ ಮೂಲೇಲಿ ಕೂಡ್ಸೂಕೆ ನೀವ್ಯಾರು? ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು!"

ಅಕ್ಕೋರಿಗೆ ಮಕ್ಕಳಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಅಡುಗೆಯ ಹೆಂಗಸು ಸೌಟು ಹಿಡಿದು ಹಾಗೇ ನಿಂತಳು. ಅಕ್ಕೋರು ನನ್ನ ಹತ್ತಿರ ಬಂದರು.

"ನಾ ಕೂಡ್ಸಲಿಲ್ಲ ಅಜ್ಜಿ. ಅವಳೇ ಸಿಟ್ಟಲ್ಲಿ ಹಗ್ಗ ಬಿಟ್ಟು ಹೋಗಿದ್ದು. ಬುಟ್ಟಿ ಇಳಿಸಿ, ಕೂಡ್ರಿ. ಬಾಯಿ ಮಾತ್ರ ತೆಗೀಬೇಡಿ."

ಕೂತೆ. ಮಕ್ಕಳು ಎಳೆಯುತ್ತಿದ್ದವು. ಹಗ್ಗದ ನಡುವೆ ಒಂದು ಮೊಳ ಜಾಗ ಖಾಲಿ ಇತ್ತು. ಒಂದು ಮಗು ಅಲ್ಲಿಗೆ ಸರಿಯಲು ಹೋಯಿತು.

"ಅದು ಅವಳ ಜಾಗ. ನೀರು ಕುಡೂಕೆ ಹೋದವರ ಜಾಗ ದಂಡೆ ಮೇಲೆ ನಿಮ್ಮಪ್ಪ ತಗೊಳ್ತಾನಾ?" ಎಂದರು ಅಕ್ಕೋರು. ಮಗು ಹಿಂದೆ ಸರಿಯಿತು.

ನಮ್ಮವಳನ್ನು ಅವರು ಕರೆಯಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಅಳು ಮುಗಿಯಲಿ ಎಂದು ಬಿಟ್ಟರು. ಅಳು ಮುಗಿಯಿತು. ಹುಡುಗಿ ಎದ್ದು ಬಂದು, "ಓಯ್, ಸರೀ ಎಳೀರಿ" ಎಂದು ಮತ್ತೆ ಶುರು ಮಾಡಿದಳು. ಅಕ್ಕೋರು ಅವಳೆದುರು ಕುಕ್ಕರುಗಾಲಲ್ಲಿ ಕೂತರು.

"ಹೇಳೂದು ಅಲ್ಲ ಮಗಾ. ಕೇಳೂದು."

ಅವಳು ಬಹಳ ಹೊತ್ತು ಕಾಲಲ್ಲಿ ಮಣ್ಣು ಕೆದರಿದಳು. ಕೊನೆಗೆ ಆ ತೊದಲು ಹುಡುಗಿಗೆ, "ನಾ ಹಿಡೀಲಾ?" ಎಂದಳು.

"ಹಿ... ಹಿಡಿ" ಎಂದಿತು ಅದು.

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದವರಲ್ಲ. ನಾನಂತೂ ಅಲ್ಲ. ಬುಟ್ಟಿ ಎತ್ತಿಕೊಂಡು, ಮೊಮ್ಮಗಳ ಕೈ ಹಿಡಿದು ಮನೆಗೆ ಬಂದೆ.

ಬೇಸಿಗೆಯ ಹೊತ್ತಿಗೆ ನಮ್ಮ ಅಂಗಳದ ತುಂಬ ಮಕ್ಕಳು. ಜಗಳ ನಿಂತಿತು ಅಂತಲ್ಲ, ದಿನಾ ಇತ್ತು. ಆದರೆ ಸಂಜೆಯೊಳಗೆ ಇವಳೇ ಹೋಗಿ "ನಾ ಬರಲಾ?" ಎಂದು ಕೇಳುತ್ತಿದ್ದಳು. ನಾನು ಆಡಿದ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಎರಡು ಸಲ ಮೊಮ್ಮಗಳ ಕೈಯಲ್ಲಿ ಅಕ್ಕೋರ ಮನೆಗೆ ತಾಜಾ ಬಂಗಡೆ ಕಳಿಸಿದೆ. ಎರಡೂ ಸಲ ತಿರುಗಿ ಬಂತು.

"ಅಜ್ಜೀನೇ ತರಲಿ, ಚಾ ಮಾಡಿ ಕೊಡ್ತೆ ಅಂದ್ರು" ಎಂದಳು ಮೊಮ್ಮಗಳು.

ದೂರವೇನಲ್ಲ, ನಾಲ್ಕು ಮನೆ ಆಚೆ. ಕಾಲು ನೋವು ಎಂದೆ. ಆಮೇಲೆ ಮಳೆ ಎಂದೆ. ಹೋಗಲಿಲ್ಲ.

ಆ ಮಳೆಗಾಲದಲ್ಲೇ ಅಕ್ಕೋರಿಗೆ ಕಾಮಾಲೆ ಆಯಿತು. ಅಗಸೂರಿನ ತಂಗಿ ಮನೆಗೆ ಹೋಗಿದ್ದಾರೆ, ಔಷಧಿ ನಡೆದಿದೆ ಎಂದು ಸುದ್ದಿ ಬಂತು. ಮೊಮ್ಮಗಳು ನನಗೇ ಪಾಠ ಹೇಳಿದಳು: "ನೀ ಹೋಗು ಅಜ್ಜಿ. 'ಒಳಗೆ ಬರಲಾ' ಅಂತ ಕೇಳು. ಅಕ್ಕೋರು ಬೇಡ ಹೇಳೂದಿಲ್ಲ."

ಹೋದೆ. ಅಂಕೋಲೆಯಲ್ಲಿ ಬಸ್ಸು ಬದಲಿಸಿ ಅಗಸೂರು ಮುಟ್ಟಿದಾಗ ಆ ಮನೆಯ ಅಂಗಳದಲ್ಲಿ ಗಂಡಸರು ಮಿಂದು ಒದ್ದೆ ಪಂಚೆಯಲ್ಲಿ ನಿಂತಿದ್ದರು. ಅಕ್ಕೋರನ್ನು ಸುಟ್ಟು ಬಂದಿದ್ದರು.

ತಂಗಿ, "ನೀವು ಯಾರು?" ಎಂದು ಕೇಳಿದಳು. ನಾನು ಅಕ್ಕೋರಿಗೆ ಆಡಿದ ಮಾತನ್ನು ಇದ್ದ ಹಾಗೇ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಂಗೆ ಹೇಳಿ ಎಂತ ಮಾಡೂದು ಅಜ್ಜಿ?" ಎಂದಳು ಅಷ್ಟೇ.

ಮನೆಗೆ ಬಂದಾಗ ಮೊಮ್ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಅಕ್ಕೋರು ಎಂತ ಅಂದ್ರು?"

"ಸಿಗಲಿಲ್ಲ."

"ಹಂಗಾರೆ ನಾಳೆ ಹೋಗ್ವಾ. ನಾನೂ ಬತ್ತೆ."

ನಾಳೆ ಹೋದರೂ ಸಿಗುವುದಿಲ್ಲ ಎಂದು ಆ ಮಗುವಿಗೆ ನಾನೇ ಹೇಳಬೇಕಾಯಿತು.