ಗುಜರಿಗೆ ಹೋದ ಸೆರಗು

ನನ್ನ ತಮ್ಮನಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಕೆಳಗೆ ನಾಲ್ಕು ಪವರ್‌ಲೂಮ್, ಮೇಲೆ ಸಂಸಾರ. ಮಗ್ಗ ತಮ್ಮನದು, ಡಿಸೈನ್ ನನ್ನದು. ಅಪ್ಪನ ಕಾಲದಲ್ಲಿ ಡಿಸೈನ್ ಎಂದರೆ ತೂತು ಹೊಡೆದ ರಟ್ಟುಗಳು. ನೂರಾರು ರಟ್ಟುಗಳನ್ನು ದಾರದಲ್ಲಿ ಪೋಣಿಸಿ ಮಗ್ಗದ ಮೇಲೆ ನೇತುಹಾಕಿದರೆ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎನ್ನುವುದೆಲ್ಲ ಆ ತೂತುಗಳಲ್ಲೇ ಇರುತ್ತಿತ್ತು. ಒಂದು ಡಿಸೈನ್ ಮುಗಿದ ಮೇಲೆ ಅಪ್ಪ ತಾವೇ ಕುಳಿತು ಆ ರಟ್ಟುಗಳನ್ನು ಕತ್ತರಿಸಿ ಬಚ್ಚಲ ಒಲೆಗೆ ಹಾಕುತ್ತಿದ್ದರು. ಪೂರ್ತಿ ಬೂದಿಯಾಗುವ ತನಕ ಅಲ್ಲಿಂದ ಏಳುತ್ತಿರಲಿಲ್ಲ. ಒಂದು ಕಂತೆ ರಟ್ಟು ಪಕ್ಕದ ಬೀದಿಗೆ ಹೋದರೂ ಮುಂದಿನ ವಾರ ಅದೇ ಸೀರೆ ಪಕ್ಕದ ಬೀದಿಯಲ್ಲೂ ಇರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ಮನೆಯ ಹೆಣ್ಣುಮಕ್ಕಳ ಧಾರೆ ಸೀರೆಯ ವಿಷಯದಲ್ಲಂತೂ ಇನ್ನೂ ಬಿಗಿ. ಅದಕ್ಕೆಂದೇ ಬರೆದ ಸೆರಗನ್ನು ಒಂದೇ ಒಂದು ಸಲ ನೇಯುವುದು, ಯಾರಿಗೂ ಮಾರುವುದಿಲ್ಲ. ನೇಯ್ದಾದ ಮೇಲೆ ಆ ರಟ್ಟುಗಳ ಉರಿಯಲ್ಲೇ ಮದುವೆ ಹೆಣ್ಣಿನ ಎಣ್ಣೆನೀರಿಗೆ ಹಂಡೆ ಕಾಯಿಸುತ್ತಿದ್ದರು. ನನ್ನ ಸೀರೆಯ ರಟ್ಟು ಉರಿದ ನೀರಿನಲ್ಲೇ ನಾನೂ ಮಿಂದವಳು.

ಈಗ ರಟ್ಟಿಲ್ಲ. ಡಿಸೈನ್ ಕಂಪ್ಯೂಟರಿನಲ್ಲಿರುತ್ತದೆ, ಪೆನ್‌ಡ್ರೈವಿನಲ್ಲಿ ಮಗ್ಗಕ್ಕೆ ಹೋಗುತ್ತದೆ. ನನ್ನ ಮಗಳ ಧಾರೆ ಸೀರೆಯ ಸೆರಗನ್ನು ನಾನು ಎಂಟು ತಿಂಗಳು ಕುಳಿತು ಬರೆದೆ. ಸಾಲು ಸಾಲು ಗಿಳಿ, ನಡುವೆ ಮಾವಿನ ಮಿಡಿ. ದೃಷ್ಟಿಯಾಗದಿರಲಿ ಎಂದು ಒಂದೇ ಒಂದು ಗಿಳಿಗೆ ಕಣ್ಣಿಡಲಿಲ್ಲ.

ಬರೆದು ಮುಗಿದ ಕೆಲವು ದಿನಕ್ಕೆ ತಮ್ಮ ಹೊಸ ಕಂಪ್ಯೂಟರ್ ತಂದ. ಹಳೆಯದನ್ನು ಅಂಗಡಿಯವನಿಗೇ ಎಕ್ಸ್‌ಚೇಂಜಿಗೆ ಕೊಟ್ಟುಬಂದ. ಕೊಡುವ ಮುಂಚೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದ, ಪುಣ್ಯಾತ್ಮ.

"ಒಳಗಿರೋದೆಲ್ಲಾ ಏನ್ಮಾಡ್ದೆ?" ಎಂದು ಕೇಳಿದ್ದೆ.

"ಎಲ್ಲಾ ಡಿಲೀಟ್ ಮಾಡ್ಬಿಟ್ಟಿದೀನಿ ಕಣಕ್ಕಾ. ಕಸದ ಬುಟ್ಟಿನೂ ಖಾಲಿ ಮಾಡ್ದೆ. ನಿನ್ ಡಿಸೈನೆಲ್ಲಾ ಹೊಸದಕ್ಕೆ ಹಾಕಿದೀನಿ, ಇನ್ನೊಂದು ಕಾಪಿ ಆ ಕಪ್ಪು ಡಬ್ಬಿ ಹಾರ್ಡ್ ಡಿಸ್ಕಲ್ಲೂ ಐತೆ."

ಹೊಸ ಪರದೆಯಲ್ಲಿ ನನ್ನ ಸೆರಗಿನ ಹೆಸರು ಕಂಡಿತು. ನೆಮ್ಮದಿಯಾಯಿತು.

ಅದಾಗಿ ಎರಡು ತಿಂಗಳಾಗಿತ್ತು, ಮಗಳ ಮದುವೆಗೆ ಹದಿನೈದು ದಿನವಿತ್ತು. ಸೀರೆಯ ಅಂಚು, ಒಡಲು ಮಗ್ಗದ ಮೇಲೆ ಮುಗಿಯುತ್ತ ಬಂದಿದ್ದವು. ಸೆರಗು ಮಾತ್ರ ಬಾಕಿ, ಅದರ ಫೈಲು ಇನ್ನೂ ಮಗ್ಗಕ್ಕೆ ಹೋಗಿರಲಿಲ್ಲ. ಆ ದಿನ ಬ್ಲೌಸಿನ ಲೈನಿಂಗ್ ಬಟ್ಟೆಗೆಂದು ಪೇಟೆಗೆ ಹೋದವಳು ಒಂದು ಸೀರೆ ಅಂಗಡಿಯ ಮುಂದೆ ನಿಂತುಬಿಟ್ಟೆ. ಬಾಗಿಲಿಗೆ ನೇತುಹಾಕಿದ್ದ ಪಾಲಿಯೆಸ್ಟರ್ ಸೀರೆಯ ಸೆರಗಿನಲ್ಲಿ ಸಾಲು ಸಾಲು ಗಿಳಿ, ನಡುವೆ ಮಾವಿನ ಮಿಡಿ. ಕೈಯಲ್ಲಿ ಹಿಡಿದು ಒಂದೊಂದೇ ಗಿಳಿ ನೋಡುತ್ತಾ ಹೋದೆ. ಕಣ್ಣಿಲ್ಲದ ಗಿಳಿ ಸಿಕ್ಕಿತು. ಕಳ್ಳರಿಗೆ ಅದೊಂದನ್ನು ತಿದ್ದುವ ವ್ಯವಧಾನವೂ ಇರಲಿಲ್ಲ.

ನೆಟ್ಟಗೆ ಕಂಪ್ಯೂಟರ್ ಅಂಗಡಿಗೆ ಹೋದೆ. ಹಳೆಯ ಡಬ್ಬಗಳನ್ನೆಲ್ಲ ಒಟ್ಟಿಗೇ ಗುಜರಿಯವರು ಒಯ್ದರು, ಮುಂದಿನದು ನನಗೆ ಗೊತ್ತಿಲ್ಲ ಎಂದ ಅವನು.

"ಬರೀ ಡಿಲೀಟ್ ಮಾಡಿದ್ರೆ ಹೋಗಲ್ಲಮ್ಮ. ಸಾಫ್ಟ್‌ವೇರ್ ಹಾಕಿದ್ರೆ ವಾಪಸ್ ಬರತ್ತೆ. ಡಿಸ್ಕ್ ಬಿಚ್ಕೊಂಡು ತೂತು ಹೊಡ್ದು ಕೊಡ್ಬೇಕಾಗಿತ್ತು ನೀವು."

"ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಂಗೆ?"

"ನೀವು ಕೇಳ್ಲಿಲ್ವಲ್ಲಮ್ಮ" ಎಂದು ಮೊಬೈಲಿಗೆ ತಲೆ ಬಗ್ಗಿಸಿದ. ಆ ಮೊಬೈಲು ಕಿತ್ತು ರಸ್ತೆಗೆ ಎಸೆಯಬೇಕೆನ್ನಿಸಿತ್ತು. ಎಸೆಯಲಿಲ್ಲ ಎನ್ನುವುದೇ ನನ್ನ ಇವತ್ತಿನ ಬೇಸರ.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಮನೆಗೆ ಬಂದು ತಮ್ಮನ ಮೇಲೆ ಹಾಕಿದೆ. ಮಗ್ಗದವರ ಮುಂದೆಯೇ ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪ ರಟ್ಟು ಬೂದಿಯಾಗುವ ತನಕ ಒಲೆ ಮುಂದೆ ಕೂತಿರುತ್ತಿದ್ದರು, ನೀನು ಕುಂಕುಮ ಹಚ್ಚಿ ಕಳ್ಳರ ಮನೆಗೆ ಕಳಿಸಿಕೊಟ್ಟೆಯಲ್ಲೋ ಎಂದೆ. ಅವನು ತಲೆ ತಗ್ಗಿಸಿ ನಿಂತಿದ್ದ. ತಲೆ ತಗ್ಗಿಸಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಇನ್ನು ಈ ಮನೆಯಿಂದ ಒಂದು ಎಳೆಯೂ ಹೊರಗೆ ಹೋಗಬಾರದು ಎಂದು, ಬೀರುವಿನಲ್ಲಿದ್ದ ಹಳೆಯ ಸಿ.ಡಿ.ಗಳು, ಪೆನ್‌ಡ್ರೈವುಗಳು, ಆ ಕಪ್ಪು ಹಾರ್ಡ್ ಡಿಸ್ಕು ಎಲ್ಲವನ್ನೂ ಅಂಗಳದಲ್ಲಿ ಸುರಿದೆ. ಮಗ್ಗ ರಿಪೇರಿಯ ಡ್ರಿಲ್ಲಿಂಗ್ ಮಷೀನು ತಂದೆ.

"ತಡಿ ಅಕ್ಕಾ, ಒಂದ್ಸಲ ನೋಡ್ಕೊಂಡು ಆಮೇಲೆ ಹೊಡಿ" ಎಂದ ತಮ್ಮ.

"ನೀನು ನೋಡಿದ್ದು ಸಾಕು, ಬಾಯ್ಮುಚ್ಕೊಂಡಿರು. ಹೊಸದ್ರಲ್ಲಿ ಐತಲ್ಲ!"

ಆ ಕಪ್ಪು ಡಿಸ್ಕಿಗೆ ಐದು ತೂತು ಹೊಡೆದೆ. ಪೆನ್‌ಡ್ರೈವುಗಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದೆ. ಸುಳ್ಳೇಕೆ ಹೇಳಲಿ, ತುಂಬ ಹಿತವಾಗಿತ್ತು.

ಮಾರನೆಯ ಬೆಳಿಗ್ಗೆ ಸೆರಗಿನ ಕೆಲಸ ಶುರುವಾಗಬೇಕಿತ್ತು. ಹೊಸ ಕಂಪ್ಯೂಟರಿನಲ್ಲಿ ಹೆಸರಿನ ಮೇಲೆ ಒತ್ತಿದೆ. ಫೈಲು ಸಿಗುತ್ತಿಲ್ಲ ಎಂದಿತು. ಮತ್ತೆ ಒತ್ತಿದೆ, ಮತ್ತೆ ಅದೇ. ತಮ್ಮ ಬಂದು ನೋಡಿದ. ಅವನು ಹೊಸದಕ್ಕೆ ಹಾಕಿದ್ದು ಫೈಲನ್ನಲ್ಲ, ಹಳೆಯ ಪರದೆಯ ಮೇಲಿದ್ದ ಶಾರ್ಟ್‌ಕಟ್ಟನ್ನು. ಮನೆ ಕೆಡವಿದ ಮೇಲೆ ಉಳಿದ ಮನೆ ನಂಬರಿನ ತಗಡಿನ ಹಾಗೆ ಬರೀ ಹೆಸರು ಇತ್ತು, ಒಳಗೇನೂ ಇರಲಿಲ್ಲ. ನಿಜವಾದ ಸೆರಗು ಉಳಿದಿದ್ದದ್ದು ನಾನು ಐದು ತೂತು ಹೊಡೆದ ಡಿಸ್ಕಿನಲ್ಲಿ ಮಾತ್ರ.

ಬೆಂಗಳೂರಿಗೆ ಓಡಿದೆವು. ಕೆಟ್ಟ ಡಿಸ್ಕಿನಿಂದ ಫೈಲು ತೆಗೆದುಕೊಡುವವನೊಬ್ಬ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. "ಯಾರು ಮಾಡಿದ್ದು ಮೇಡಂ ಇದು? ಇಷ್ಟು ನೀಟಾಗಿ ಯಾರೂ ಮಾಡಲ್ಲ. ದೇವ್ರು ಬಂದ್ರೂ ಏನೂ ಸಿಗಲ್ಲ."

ವಾಪಸು ಬಸ್ಸು ಹತ್ತಿದೆವು. ನೆನಪಿನಿಂದ ಮತ್ತೆ ಬರೆಯಲು ತಿಂಗಳುಗಳು ಬೇಕು, ಉಳಿದಿದ್ದದ್ದು ಹದಿನಾಲ್ಕು ದಿನ. ಆ ಸೆರಗು ಈ ಭೂಮಿಯ ಮೇಲೆ ಇನ್ನೆಲ್ಲಿದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ತಮ್ಮನಿಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾನೇ ಆ ಸೀರೆ ಅಂಗಡಿಗೆ ಹೋದೆ.

"ಚೆನ್ನಾಗಿ ಓಡ್ತಾ ಐತಕ್ಕ ಇದು. ಯಾರು ಬರ್ದವ್ರೋ, ಕೈ ಭಾರಿ ಚೆನ್ನಾಗೈತೆ" ಎಂದು ಅಂಗಡಿಯವನು ಮಡಿಚಿ ಕೊಟ್ಟ. ನಾನು ಹಲ್ಲು ಕಚ್ಚಿಕೊಂಡು ದುಡ್ಡು ಎಣಿಸಿದೆ.

ಪಡಸಾಲೆಯಲ್ಲಿ, ಕಿಟಕಿಯ ಬೆಳಕಿಗೆ ಆ ಸೀರೆಯನ್ನು ಹಾಸಿ, ಭೂತಗನ್ನಡಿ ಹಿಡಿದು ಎಳೆ ಎಣಿಸಲು ಕುಳಿತೆ. ಒಂದೊಂದು ಎಳೆ ಮೇಲೋ ಕೆಳಗೋ ಎಂದು ನಾನು ಹೇಳಬೇಕು, ತಮ್ಮ ಕಂಪ್ಯೂಟರಿನಲ್ಲಿ ಚುಕ್ಕಿ ಹಾಕಬೇಕು. ನಾನೇ ಬರೆದ ಗಿಳಿಯ ಕೊಕ್ಕು ಎಷ್ಟು ಎಳೆಯದು ಎನ್ನುವುದನ್ನು ಕಳ್ಳರ ಸೀರೆ ನೋಡಿ ಕಲಿಯಬೇಕಾಗಿತ್ತು. ನಡುನಡುವೆ ಕಣ್ಣು ತುಂಬಿಕೊಂಡರೆ ಎಣಿಕೆ ತಪ್ಪುತ್ತಿತ್ತು, ಆಗ ತಮ್ಮನಿಗೆ ಬೈಯುತ್ತಿದ್ದೆ. ಅವನು ಆ ಸಾಲನ್ನು ಅಳಿಸಿ ಮತ್ತೆ ಮೊದಲಿಂದ ಚುಕ್ಕಿ ಹಾಕುತ್ತಿದ್ದ.

ಎರಡನೆಯ ದಿನ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಆ ಅಗ್ಗದ ಸೀರೆಯನ್ನು ತುಂಬ ಹೊತ್ತು ನೋಡಿದಳು. ಅವಳೂ ಬೈಯಲಿ, ಕದ್ದವರ ಕೈ ಸೇದಿಹೋಗಲಿ ಎನ್ನಲಿ ಎಂದು ಕಾದೆ.

"ಅವ್ರು ಕದ್ದಿಲ್ದೆ ಇದ್ದಿದ್ರೆ ನಂಗೀಗ ಈ ಸೆರಗೇ ಇರ್ತಿರ್ಲಿಲ್ಲ, ಅಲ್ವೇನಮ್ಮಾ?" ಎಂದಳು.

ತಮ್ಮ ತಲೆ ಎತ್ತಿ ನನ್ನನ್ನು ನೋಡಿದ. ಬೈಯಲು ಬಾಯಿ ತೆರೆದೆ, ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.